ಜೆನೆಸಿಸ್ ತೊರೆದ ಪೀಟರ್ ಗೇಬ್ರಿಯಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲೆಂಡಿನ ಜೆನೆಸಿಸ್ ರಾಕ್ ತಂಡದ ಗಾಯಕರಾಗಿದ್ದ ಪೀಟರ್ ಗೇಬ್ರಿಯಲ್ ಅವರು ತಂಡವನ್ನು ತೊರೆದ ಮೇಲೆ ತಮ್ಮ ಹೆಸರಿನಲ್ಲಿ ಹೊರತಂದ ಮೊದಲ ಆಲ್ಬಮ್ 1977ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಆ ಆಲ್ಬಮ್ ಕುರಿತು ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿಕೊಳ್ಳಲಾಗಿದೆ.

ಪ್ರಶ್ನೆ: ಜೆನೆಸಿಸ್ ಹೆಸರು ಮಾಡುತ್ತಿದ್ದ ಹೊತ್ತಿನಲ್ಲೇ ಗೇಬ್ರಿಯಲ್ ಹೊರಬಂದದ್ದು ಏಕೆ? ಗೆಳೆಯರ ನಡುವೆ ದೊಡ್ಡ ಜಗಳವೇನಾದರೂ ಆಗಿತ್ತೇ?

ಉತ್ತರ: ಮುಖ ನೋಡದಂತಹ ಜಗಳವೇನೂ ಆಗಿರಲಿಲ್ಲ. ಸರ್ರೆಯ ಚಾರ್ಟರ್‌ಹೌಸ್ ಶಾಲೆಯಲ್ಲಿ ಜೊತೆಯಾಗಿ ಓದುತ್ತಿದ್ದ ಹುಡುಗರು 1967ರಲ್ಲಿ ಕಟ್ಟಿಕೊಂಡ ತಂಡ ಅದು. ಹಾಡನ್ನು ಯಾರೇ ತರಲಿ, ಎಲ್ಲರೂ ಕುಳಿತು ವಾದಿಸಿ ತಿದ್ದುವುದು ಅಲ್ಲಿನ ರೂಢಿಯಾಗಿತ್ತು. ಆ ರೂಢಿ ಸಡಿಲಗೊಂಡದ್ದು 1974ರಲ್ಲಿ, ‘ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ ಎಂಬ ಜೋಡಿ ಎಲ್‌ಪಿಯ ತಯಾರಿಯ ಸಂದರ್ಭದಲ್ಲಿ. ಅದರ ಕಥೆಯನ್ನೂ ಬಹುಪಾಲು ಸಾಹಿತ್ಯವನ್ನೂ ತಾನೊಬ್ಬನೇ ಬರೆಯುತ್ತೇನೆಂದು ಗೇಬ್ರಿಯಲ್ ಪಟ್ಟು ಹಿಡಿದರು. ಉಳಿದ ನಾಲ್ವರು ಅವರಿಲ್ಲದೆಯೇ ಸಂಗೀತ ಕಟ್ಟುತ್ತಾ ಹೋದರು. ಅದೇ ಬೇಸಿಗೆಯಲ್ಲಿ ಅವರ ಮೊದಲ ಮಗಳು ಹುಟ್ಟಿ, ಹುಟ್ಟಿದೊಡನೆ ಜೀವಕ್ಕೆ ಅಪಾಯ ಒದಗಿ, ತಂದೆಯಾದವರು ಆಸ್ಪತ್ರೆಗೂ ಧ್ವನಿಮುದ್ರಣಕ್ಕೂ ನಡುವೆ ಓಡಾಡಬೇಕಾಯಿತು. ತಂಡದವರು ಆಗ ತಮಗೆ ಬೇಕಾದಷ್ಟು ಸಹಾನುಭೂತಿ ತೋರಿಸಲಿಲ್ಲವೆಂಬ ನೋವು ಗೇಬ್ರಿಯಲ್ ಅವರಿಗೆ ಉಳಿಯಿತು. ಇದರ ನಡುವೆ ‘ದ ಎಕ್ಸಾರ್ಸಿಸ್ಟ್’ ನಿರ್ದೇಶಿಸಿದ ವಿಲಿಯಂ ಫ್ರೀಡ್‌ಕಿನ್ ತಮ್ಮ ಚಿತ್ರಕಥೆಗೆ ಕಲ್ಪನೆಗಳನ್ನು ಕೊಡಿ ಎಂದು ಕರೆದದ್ದೂ ಉಂಟು. ಆ ಕೆಲಸ ಕೈಗೂಡಲಿಲ್ಲ.

ನವೆಂಬರ್‌ನಲ್ಲಿ ಪ್ರವಾಸದ ಆರಂಭದಲ್ಲೇ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ತಾವು ತಂಡ ಬಿಡುವುದಾಗಿ ಅವರು ಗೆಳೆಯರಿಗೆ ತಿಳಿಸಿದರು. ಆದರೂ ಒಪ್ಪಿಕೊಂಡ ಪ್ರವಾಸವನ್ನು 1975ರ ಮೇ ತಿಂಗಳವರೆಗೆ ಪೂರ್ತಿಗೊಳಿಸಿದರು, ಸುದ್ದಿ ಹೊರಬಿದ್ದದ್ದು ಆಗಸ್ಟ್‌ನಲ್ಲಿ. ಇನ್ನು ಜೆನೆಸಿಸ್ ಮುಗಿಯಿತೆಂದು ಪತ್ರಿಕೆಗಳು ಬರೆದವು. ಆದರೆ ಡ್ರಮ್ಸ್ ನುಡಿಸುತ್ತಿದ್ದ ಫಿಲ್ ಕಾಲಿನ್ಸ್ ಅವರೇ ಹಾಡಲು ನಿಂತರು, ಮತ್ತು 1976ರ ‘ಎ ಟ್ರಿಕ್ ಆಫ್ ದ ಟೇಲ್’ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಗೆಳೆತನದ ವಿಷಯಕ್ಕೆ ಬಂದರೆ, ಗೇಬ್ರಿಯಲ್ ಮುಂದೆ ನಿಂತು ನಡೆಸಿದ ವೊಮ್ಯಾಡ್ ಸಂಗೀತೋತ್ಸವ 1982ರಲ್ಲಿ ಭಾರಿ ನಷ್ಟಕ್ಕೆ ಸಿಲುಕಿದಾಗ, ಆ ಸಾಲ ತೀರಿಸಲು ಹಳೆಯ ತಂಡದವರು ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನಲ್ಲಿ ಅವರೊಂದಿಗೆ ಒಂದು ದಿನದ ಕಛೇರಿ ನಡೆಸಿಕೊಟ್ಟರು. ಹಗೆ ಇದ್ದವರು ಹೀಗೆ ಮಾಡುವುದಿಲ್ಲ.

ಪ್ರಶ್ನೆ: ಈ ಮೊದಲ ಆಲ್ಬಮ್ಮಿನ ಒಂಬತ್ತು ಹಾಡುಗಳಿಗೆ ಒಂಬತ್ತು ಮುಖಗಳಿವೆ. ಒಬ್ಬನೇ ಕಲಾವಿದನ ಕೃತಿಯೆಂದು ನಂಬುವುದೇ ಕಷ್ಟ. ಇದನ್ನು ಸೋಲು ಎನ್ನಬಹುದೇ?

ಉತ್ತರ: ಮಾರಾಟದ ದೃಷ್ಟಿಯಿಂದ ನೋಡಿದರೆ ಸೋಲಲ್ಲ, ಬ್ರಿಟನ್ನಿನಲ್ಲಿ ಏಳನೆಯ ಸ್ಥಾನ, ಅಮೆರಿಕದಲ್ಲಿ ಮೂವತ್ತೆಂಟನೆಯ ಸ್ಥಾನ ಸಿಕ್ಕಿತು. ನೀವು ಕೇಳುತ್ತಿರುವುದು ಅದನ್ನಲ್ಲವೆಂದು ಬಲ್ಲೆ. ಆಲ್ಬಮ್ ಬಿಡಿಬಿಡಿಯಾಗಿದೆ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದಕ್ಕೆ ಕಾರಣವನ್ನು ಮಾತ್ರ ಕೊಂಚ ವಿವರವಾಗಿ ಹೇಳಬೇಕು.

ತಂಡ ಬಿಟ್ಟವರಿಗೆ ವಾದ್ಯಗಾರರ ಕೊರತೆ ಎಂದೂ ಆಗುವುದಿಲ್ಲ, ಹಣ ಕೊಟ್ಟರೆ ಒಳ್ಳೆಯ ಕೈಗಳು ಸಿಗುತ್ತವೆ. ಕಳೆದುಹೋಗುವುದು ತೀರ್ಮಾನಕ್ಕೆ ಬರುವ ದಾರಿ. ಈ ಹಾಡು ಸಾಕು, ಇದು ಬೇಡ, ಇಲ್ಲಿ ಆರ್ಗನ್ ಹೆಚ್ಚಾಯಿತು ಎಂದು ಎಂಟು ವರ್ಷ ಹೇಳುತ್ತಿದ್ದ ತಂಡದ ಗೆಳೆಯರಾದ ಟೋನಿ ಬ್ಯಾಂಕ್ಸ್, ಮೈಕ್ ರದರ್‌ಫರ್ಡ್ ಮುಂತಾದವರು ಎದುರಿಗಿಲ್ಲದಿದ್ದಾಗ ಗೇಬ್ರಿಯಲ್ ಅವರ ಬಳಿ ಹಾಡುಗಳಿದ್ದವು, ಹಾಡನ್ನು ಮುಗಿಸುವ ಕ್ರಮ ಇರಲಿಲ್ಲ. ಆ ತೆರವನ್ನು ತುಂಬಿದವರು ಕೆನಡಾದ ನಿರ್ಮಾಪಕ ಬಾಬ್ ಎಜ್ರಿನ್. ಆಲಿಸ್ ಕೂಪರ್, ಲೂ ರೀಡ್, ಕಿಸ್ ಇವರ ಆಲ್ಬಮ್‌ಗಳನ್ನು ರೂಪಿಸಿದ್ದ ಎಜ್ರಿನ್ ರಂಗದ ಆಡಂಬರವನ್ನು ಬಲ್ಲವರು, ಯಾವ ಹಾಡಿಗೆ ಯಾವ ವೇಷ ತೊಡಿಸಬೇಕೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. 1976ರಲ್ಲಿ ಮುಖ್ಯವಾಗಿ ಟೊರಾಂಟೊದ ಸ್ಟುಡಿಯೊದಲ್ಲಿ ಧ್ವನಿಮುದ್ರಣ ನಡೆಯಿತು. ಗಿಟಾರಿಗೆ ಸ್ಟೀವ್ ಹಂಟರ್ ಮತ್ತು ಡಿಕ್ ವ್ಯಾಗ್ನರ್, ಬೇಸ್‌ಗೆ ಟೋನಿ ಲೆವಿನ್ ಬಂದದ್ದು ಎಜ್ರಿನ್ ಅವರ ಬಳಗದಿಂದ. ಗೇಬ್ರಿಯಲ್ ತಾವಾಗಿ ಕರೆತಂದವರು ಸಿಂತಸೈಜರ್ ನುಡಿಸುವ ಲ್ಯಾರಿ ಫಾಸ್ಟ್ ಹಾಗೂ 1974ರಲ್ಲಿ ಕಿಂಗ್ ಕ್ರಿಮ್ಸನ್ ತಂಡವನ್ನು ಮುಚ್ಚಿದ್ದ ಗಿಟಾರ್ ವಾದಕ ರಾಬರ್ಟ್ ಫ್ರಿಪ್.

ಇದರ ಫಲ ನಿಮ್ಮ ಕಿವಿಗೆ ಬಿದ್ದಿದೆ. ‘ಎಕ್ಸ್‌ಕ್ಯೂಸ್ ಮಿ’ ಹಾಡಿನಲ್ಲಿ ನಾಲ್ಕು ಗಂಡು ದನಿಗಳ ಹಳೆಯ ಅಮೆರಿಕನ್ ಮೇಳಗಾಯನವೂ ಲೆವಿನ್ ಅವರ ಟ್ಯೂಬಾ ವಾದ್ಯವೂ ಇವೆ. ‘ವೇಟಿಂಗ್ ಫಾರ್ ದ ಬಿಗ್ ಒನ್’ ನಿಧಾನಗತಿಯ ಬ್ಲೂಸ್. ‘ಡೌನ್ ದ ಡಾಲ್ಚೆ ವೀಟಾ’ಕ್ಕೆ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನೇ ಕರೆಸಲಾಗಿದೆ, ಹಾಡು ಆ ಭಾರಕ್ಕೆ ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ. ‘ಮಾಡರ್ನ್ ಲವ್’ ಯಾವ ತಂಡವಾದರೂ ಹಾಡಬಹುದಾಗಿದ್ದ ನೇರ ರಾಕ್. ಜೆನೆಸಿಸ್ಸಿನ ಛಾಯೆ ತೋರುವುದು ನಾಟಕೀಯವಾದ ಮೊದಲ ಹಾಡಿನಲ್ಲಿ ಮಾತ್ರ. ಹಳೆಯ ತಂಡದಂತೆ ಕೇಳಿಸಬಾರದೆಂಬ ಹಟ ಗೇಬ್ರಿಯಲ್ ಅವರಿಗಿತ್ತು, ಆದರೆ ಯಾವುದರಂತೆ ಕೇಳಿಸಬೇಕೆಂಬುದು ಇನ್ನೂ ನಿಶ್ಚಯವಾಗಿರಲಿಲ್ಲ. ಇಂತಹ ಹೊತ್ತಿನಲ್ಲಿ ನಿಶ್ಚಯವುಳ್ಳ ನಿರ್ಮಾಪಕರ ಮಾತೇ ನಡೆಯುವುದು ಸಹಜ.

ಮೂರನೆಯ ಆಲ್ಬಮ್ಮನ್ನು ಇದರ ಪಕ್ಕದಲ್ಲಿಟ್ಟು ಕೇಳಿದರೆ ನನ್ನ ಮಾತು ಸ್ಪಷ್ಟವಾಗುತ್ತದೆ. 1980ರ ಆ ಆಲ್ಬಮ್‌ಗೆ ನಿರ್ಮಾಪಕರು ಸ್ಟೀವ್ ಲಿಲಿವೈಟ್, ಧ್ವನಿತಂತ್ರಜ್ಞರು ಹ್ಯೂ ಪ್ಯಾಡ್‌ಗ್ಯಾಮ್. ಡ್ರಮ್ಸ್ ನುಡಿಸುವವರು ಸಿಂಬಲ್ಲುಗಳನ್ನು, ಅಂದರೆ ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆಗಳನ್ನು, ಮುಟ್ಟಕೂಡದೆಂದು ಗೇಬ್ರಿಯಲ್ ಅಲ್ಲಿ ಕಟ್ಟುನಿಟ್ಟು ಮಾಡಿದರು. ಆ ಜಾಗ ಖಾಲಿಯಾದ್ದರಿಂದಲೇ ‘ಇಂಟ್ರೂಡರ್’ ಹಾಡಿನಲ್ಲಿ ಫಿಲ್ ಕಾಲಿನ್ಸ್ ಅವರ ಡ್ರಮ್ ಸದ್ದು, ದೊಡ್ಡದಾಗಿ ಮೊಳಗಿ ಥಟ್ಟನೆ ಕತ್ತರಿಸಿಹೋಗುವ ಆ ಬಗೆ, ಎದ್ದು ನಿಂತಿತು; ಮುಂದಿನ ಹತ್ತು ವರ್ಷಗಳ ಪಾಪ್ ಸಂಗೀತವೆಲ್ಲ ಅದನ್ನೇ ಅನುಕರಿಸಿತು. ತಂಡದ ಗೆಳೆಯರು ಹಿಂದೆ ಹೇಳುತ್ತಿದ್ದ ‘ಬೇಡ’ವನ್ನು ಇಲ್ಲಿ ಅವರು ತಮಗೆ ತಾವೇ ಹೇಳಿಕೊಂಡಿದ್ದಾರೆ. ಇದು ಮಾರಾಟವಾಗದೆಂದು ಅಮೆರಿಕದಲ್ಲಿ ಅಟ್ಲಾಂಟಿಕ್ ಸಂಸ್ಥೆ ಕೈಬಿಟ್ಟ ಆ ಆಲ್ಬಮ್ ಅಲ್ಲಿ ಮರ್ಕ್ಯುರಿಯ ಮೂಲಕ ಬಂತು, ಬ್ರಿಟನ್ನಿನಲ್ಲಂತೂ ಮೊದಲ ಸ್ಥಾನಕ್ಕೇರಿತು. ಹಾಗಾಗಿ ಗೇಬ್ರಿಯಲ್ ತಂಡವನ್ನು ಬಿಟ್ಟದ್ದು 1975ರಲ್ಲಾದರೂ ಸ್ವತಂತ್ರರಾದದ್ದು 1980ರಲ್ಲಿ ಎಂದು ನಾನು ತಿಳಿಯುತ್ತೇನೆ. 1977ರ ಆಲ್ಬಮ್ ಆ ಐದು ವರ್ಷಗಳ ನಡುವಿನ ಹುಡುಕಾಟದ ದಾಖಲೆ, ಮತ್ತು ಅದರಲ್ಲೇ ಒಂದು ಹಾಡು ಹುಡುಕಾಟವನ್ನು ದಾಟಿ ಹೋಗಿದೆ.

ಪ್ರಶ್ನೆ: ಆ ಒಂದು ಹಾಡು ‘ಸಾಲ್ಸ್‌ಬರಿ ಹಿಲ್’ ಇರಬೇಕು. ಅಂತಹ ಬೆಟ್ಟ ನಿಜವಾಗಿಯೂ ಇದೆಯೇ? ಹಾಡಿಗೆ ಕಾಲಿನಿಂದ ತಾಳ ಹಾಕಲು ಹೋದರೆ ತಪ್ಪಿಹೋಗುತ್ತದೆ, ಏಕೆ?

ಉತ್ತರ: ಬೆಟ್ಟ ಇದೆ. ಇಂಗ್ಲೆಂಡಿನ ಬಾತ್ ನಗರದ ಹೊರವಲಯದಲ್ಲಿರುವ, ನೆತ್ತಿ ಚಪ್ಪಟೆಯಾದ ಗುಡ್ಡ ಅದು. ಕಬ್ಬಿಣಯುಗದ ಕೋಟೆಯ ಕುರುಹುಗಳು ಅದರ ಮೇಲಿವೆ. ತಂಡ ಬಿಟ್ಟ ಮೇಲೆ ಗೇಬ್ರಿಯಲ್ ಆ ಸೀಮೆಯಲ್ಲೇ ಸಂಸಾರದೊಂದಿಗೆ ವಾಸವಾಗಿದ್ದರು. ಹಾಡಿನ ನಿರೂಪಕ ರಾತ್ರಿ ಗುಡ್ಡ ಹತ್ತಿ, ಕೆಳಗೆ ಊರಿನ ದೀಪಗಳನ್ನು ಕಂಡು, ಕೈಯಲ್ಲಿರುವುದನ್ನು ಬಿಟ್ಟುಕೊಟ್ಟು ಹೊರಡಲು ಮನಸ್ಸು ಗಟ್ಟಿಮಾಡಿಕೊಳ್ಳುತ್ತಾನೆ. ಜೆನೆಸಿಸ್ಸಿನ ಹೆಸರಾಗಲಿ, ದೂರಾಗಲಿ ಅದರಲ್ಲಿ ಎಲ್ಲಿಯೂ ಇಲ್ಲ. ತಂಡ ಬಿಟ್ಟ ಸಂಗತಿ ತಿಳಿಯದವರಿಗೂ ಅದು ನೇರವಾಗಿ ಮುಟ್ಟುವುದು ಆ ಸಂಯಮದಿಂದಲೇ.

ತಾಳ ತಪ್ಪುವುದಕ್ಕೆ ನಿಮ್ಮ ಕಾಲು ಕಾರಣವಲ್ಲ. ರಾಕ್ ಹಾಡುಗಳು ಸಾಮಾನ್ಯವಾಗಿ ನಾಲ್ಕರ ಎಣಿಕೆಯಲ್ಲಿ ನಡೆಯುತ್ತವೆ, ಇದು ಏಳರಲ್ಲಿ ನಡೆಯುತ್ತದೆ. ನಮ್ಮಲ್ಲಿ ಮಿಶ್ರ ಛಾಪು ಕೇಳಿ ಬೆಳೆದವರಿಗೆ ಏಳೆಂಬುದು ಹೊಸದೇನಲ್ಲ, ಆದರೆ ರೇಡಿಯೊದಲ್ಲಿ ಬರುವ ಇಂಗ್ಲಿಷ್ ಹಾಡಿನಲ್ಲಿ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ. ಎಂಟನೆಯ ಪೆಟ್ಟಿಗಾಗಿ ಕಿವಿ ಕಾದಿರುವಾಗಲೇ ಮುಂದಿನ ಆವರ್ತ ಶುರುವಾಗಿರುತ್ತದೆ, ಇದರಿಂದ ಹಾಡು ಸದಾ ಒಂದು ಹೆಜ್ಜೆ ಮುಂದೆ ವಾಲಿದಂತಿರುತ್ತದೆ. ಪಲ್ಲವಿಯ ಕೊನೆಯಲ್ಲಿ ಮಾತ್ರ ಅದು ನಾಲ್ಕರ ಎಣಿಕೆಗೆ ಬಂದು ನೆಲೆಗೊಳ್ಳುತ್ತದೆ, ಆ ಜಾಗ ಬಂದಾಗ ಮನೆ ಸೇರಿದ ಭಾವ ಉಂಟಾಗುವುದು ಹಾಗಾಗಿ. ಸ್ಟೀವ್ ಹಂಟರ್ ಅವರು ಅಕೌಸ್ಟಿಕ್ ಗಿಟಾರನ್ನು ಬೆರಳುಗಳಿಂದ ಮೀಟಿ ನುಡಿಸಿದ ಎಳೆ ಎಷ್ಟು ಸರಾಗವಾಗಿದೆಯೆಂದರೆ, ಎಣಿಸದ ಹೊರತು ವಿಷಮ ತಾಳವೆಂಬುದು ಗೊತ್ತೇ ಆಗುವುದಿಲ್ಲ. ಎಜ್ರಿನ್ ಅವರ ಕೈ ಈ ಹಾಡಿನ ಮೇಲೆ ಹಗುರವಾಗಿದೆ. ಅದಕ್ಕಾಗಿ ಅವರಿಗೂ ಕೃತಜ್ಞರಾಗಿರಬೇಕು. ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಇದು 13ನೆಯ ಸ್ಥಾನ ಪಡೆಯಿತು.

ಪ್ರಶ್ನೆ: ಗೇಬ್ರಿಯಲ್ ಅವರ ಮೊದಲ ನಾಲ್ಕು ಆಲ್ಬಮ್‌ಗಳಿಗೂ ‘ಪೀಟರ್ ಗೇಬ್ರಿಯಲ್’ ಎಂದೇ ಹೆಸರು. ಗುರುತಿಸುವುದು ಹೇಗೆ?

ಉತ್ತರ: ಮುಖಪುಟ ನೋಡಿ. ಒಂದೇ ಪತ್ರಿಕೆಯ ಬೇರೆ ಬೇರೆ ಸಂಚಿಕೆಗಳಂತೆ ಇವು ಇರಲಿ ಎಂಬುದು ಅವರ ಆಲೋಚನೆಯಾಗಿತ್ತು. ಕೇಳುಗರು ಮುಖಪುಟದ ಚಿತ್ರಗಳಿಂದಲೇ ಅಡ್ಡಹೆಸರುಗಳನ್ನು ಕಟ್ಟಿಕೊಂಡರು: ಮೊದಲನೆಯದು ‘ಕಾರ್’, 1978ರದ್ದು ‘ಸ್ಕ್ರ್ಯಾಚ್’, 1980ರದ್ದು ‘ಮೆಲ್ಟ್’. 1982ರದ್ದಕ್ಕೆ ಅಮೆರಿಕದ ಕಂಪನಿಯೇ ‘ಸೆಕ್ಯುರಿಟಿ’ ಎಂಬ ಹೆಸರು ಅಂಟಿಸಿತು. ಮಳೆಹನಿ ಕೂತ ನೀಲಿ ಕಾರಿನೊಳಗೆ ಗೇಬ್ರಿಯಲ್ ಕುಳಿತಿರುವ ಮೊದಲ ಚಿತ್ರ ಮುಖಪುಟಗಳನ್ನು ವಿನ್ಯಾಸ ಮಾಡುತ್ತಿದ್ದ ಹಿಪ್ನೋಸಿಸ್ ಸಂಸ್ಥೆಯದು. ಆ ಲ್ಯಾನ್ಸಿಯಾ ಕಾರು ಸಂಸ್ಥೆಯ ಸ್ಟಾರ್ಮ್ ಥೋರ್ಗರ್ಸನ್ ಅವರ ಸ್ವಂತದ್ದು.

ಪ್ರಶ್ನೆ: ಬೀಟಲ್ಸ್ ಒಡೆದ ವರ್ಷವೇ ಜಾರ್ಜ್ ಹ್ಯಾರಿಸನ್ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ನಂತಹ ತುಂಬಿದ ಕೃತಿ ಕೊಟ್ಟರಲ್ಲ? ಗೇಬ್ರಿಯಲ್ ಅವರಿಗೆ ಅದು ಏಕೆ ಆಗಲಿಲ್ಲ?

ಉತ್ತರ: ಇಬ್ಬರ ಸ್ಥಿತಿ ಬೇರೆ. ಬೀಟಲ್ಸ್ ಆಲ್ಬಮ್‌ಗಳಲ್ಲಿ ಲೆನನ್ ಮತ್ತು ಮೆಕಾರ್ಟ್ನಿ ಅವರ ಹಾಡುಗಳು ಜಾಗ ತುಂಬಿ, ಹ್ಯಾರಿಸನ್ ಅವರಿಗೆ ಸಾಮಾನ್ಯವಾಗಿ ಉಳಿಯುತ್ತಿದ್ದದ್ದು ಒಂದೆರಡು ಹಾಡುಗಳಷ್ಟು ಎಡೆ. ಆ ಆಲ್ಬಮ್ಮಿನ ಶೀರ್ಷಿಕೆಗೀತೆಯನ್ನೇ ಬೀಟಲ್ಸ್ 1969ರ ಜನವರಿಯಲ್ಲಿ ಅಭ್ಯಾಸ ಮಾಡಿ ಕೈಬಿಟ್ಟಿದ್ದರು. ಹೀಗೆ ವರ್ಷಗಟ್ಟಲೆ ಸೇರಿಕೊಂಡಿದ್ದ ಹಾಡುಗಳು 1970ರ ನವೆಂಬರ್‌ನಲ್ಲಿ ಮೂರು ಎಲ್‌ಪಿಗಳಾಗಿ ಹೊರಬಂದವು. ಗೇಬ್ರಿಯಲ್ ಜೆನೆಸಿಸ್ಸಿನಲ್ಲಿ ಮೂಲೆಗೆ ಸರಿದವರಲ್ಲ, ನರಿಯ ತಲೆಯ ಮುಖವಾಡ ತೊಟ್ಟು ವೇದಿಕೆಯ ನಡುವೆ ನಿಂತವರು. ತಡೆಹಿಡಿದ ಹಾಡುಗಳ ಕಣಜ ಅವರಲ್ಲಿರಲಿಲ್ಲ, ಹೊಸದಾಗಿ ಬಿತ್ತಿ ಬೆಳೆಯಬೇಕಾಯಿತು.

ಆದರೆ ಒಂದು ವಿಷಯದಲ್ಲಿ ಇಬ್ಬರೂ ಸಮಾನರು. ಹ್ಯಾರಿಸನ್ ಅವರೂ ಫಿಲ್ ಸ್ಪೆಕ್ಟರ್ ಎಂಬ ಗಟ್ಟಿ ಕೈಯ ನಿರ್ಮಾಪಕರನ್ನು ಜೊತೆಗಿಟ್ಟುಕೊಂಡರು. 2001ರಲ್ಲಿ ಆಲ್ಬಮ್ ಮರುಬಿಡುಗಡೆಯಾದಾಗ, ಆ ಭಾರಿ ನಾದದ ಹೊದಿಕೆಯಿಂದ ಕೆಲವು ಹಾಡುಗಳನ್ನಾದರೂ ಬಿಡಿಸಬೇಕೆನಿಸುತ್ತದೆ ಎಂಬರ್ಥದ ಮಾತನ್ನು ಅವರೇ ಬರೆದರು. ಬೆನ್ನ ಹಿಂದೆ ತಂಡವಿಲ್ಲದ ಮೊದಲ ಸಲ ಸದ್ದು ದೊಡ್ಡದಿರಲಿ ಎನಿಸುವುದು ಇಬ್ಬರಿಗೂ ಆದ ಅನುಭವ. ಮೆಕಾರ್ಟ್ನಿ ಅದೇ 1970ರಲ್ಲಿ ಇದಕ್ಕೆ ಪೂರ್ತಿ ವಿರುದ್ಧದ ದಾರಿ ಹಿಡಿದು, ವಾದ್ಯಗಳನ್ನೆಲ್ಲ ತಾವೇ ನುಡಿಸಿ ತಮ್ಮ ಮೊದಲ ಆಲ್ಬಮ್ ಮಾಡಿದರು.

ಪ್ರಶ್ನೆ: ಆಲ್ಬಮ್ಮಿನ ಕೊನೆಯ ಹಾಡು ‘ಹಿಯರ್ ಕಮ್ಸ್ ದ ಫ್ಲಡ್’ ಬಹಳ ಅಬ್ಬರದ್ದೆನಿಸಿತು. ಅದರ ಬೇರೆ ರೂಪಗಳಿವೆಯಂತೆ. ಯಾವುದನ್ನು ಕೇಳಬೇಕು, ಮುಂದೆ ಯಾವ ಆಲ್ಬಮ್ ಹಿಡಿಯಬೇಕು?

ಉತ್ತರ: ಅಬ್ಬರ ಹೆಚ್ಚಾಯಿತೆಂದು ಗೇಬ್ರಿಯಲ್ ಅವರಿಗೂ ಅನ್ನಿಸಿತ್ತು. 1979ರಲ್ಲಿ ರಾಬರ್ಟ್ ಫ್ರಿಪ್ ತಮ್ಮ ‘ಎಕ್ಸ್‌ಪೋಷರ್’ ಆಲ್ಬಮ್‌ಗಾಗಿ ಇದೇ ಹಾಡನ್ನು ಗೇಬ್ರಿಯಲ್ ಅವರಿಂದಲೇ ಮತ್ತೆ ಹಾಡಿಸಿದರು. ಅಲ್ಲಿ ಡ್ರಮ್ಸ್ ಇಲ್ಲ, ಪಿಯಾನೊ ಮತ್ತು ದನಿಯ ಸುತ್ತ ಫ್ರಿಪ್ ಅವರ ಗಿಟಾರಿನ ದೀರ್ಘಸ್ವರಗಳು ಮಂದವಾಗಿ ಹರಡಿಕೊಂಡಿವೆ. 1990ರ ‘ಶೇಕಿಂಗ್ ದ ಟ್ರೀ’ ಸಂಕಲನಕ್ಕೆ ಗೇಬ್ರಿಯಲ್ ಹಳೆಯ ಧ್ವನಿಮುದ್ರಣವನ್ನು ಬಿಟ್ಟು, ಪಿಯಾನೊ ಜೊತೆಗೆ ಹೊಸದಾಗಿ ಹಾಡಿಕೊಟ್ಟರು. ಮೊದಲು ಈ 1990ರ ರೂಪವನ್ನು ಕೇಳಿ, ಆಮೇಲೆ 1977ರದ್ದಕ್ಕೆ ಮರಳಿದರೆ, ಎಲೆಕ್ಟ್ರಿಕ್ ಗಿಟಾರುಗಳ ಕೆಳಗೆ ಎಂತಹ ಹಾಡು ಅಡಗಿತ್ತೆಂಬುದು ತಿಳಿಯುತ್ತದೆ. ಆಲ್ಬಮ್‌ಗಳ ಪೈಕಿ ನೇರವಾಗಿ 1980ರ ಮೂರನೆಯದಕ್ಕೆ ಹೋಗಿ. ಫ್ರಿಪ್ ಅವರೇ ನಿರ್ಮಿಸಿದ 1978ರ ಎರಡನೆಯದರಲ್ಲಿ ಎಜ್ರಿನ್ ಅವರ ಅಲಂಕಾರವೆಲ್ಲ ಕಳಚಿದೆ, ನಿಜ, ಆದರೆ ಹಾಡುಗಳೂ ಕೊಂಚ ಸೊರಗಿವೆ. ಅದನ್ನು ಆಮೇಲೆ ಕೇಳಿದರೂ ನಷ್ಟವಿಲ್ಲ.