ದಿನಾ ಓಡಿಸೋದಕ್ಕೆ 911 ಟರ್ಬೊ ಎಸ್ ಸರಿಹೋಗುತ್ತಾ?

ಸರ್, ನಿಮ್ಮ ಪ್ರಶ್ನೆ ಇಷ್ಟು: 992 ತಲೆಮಾರಿನ, ಅಂದರೆ 2020ರಲ್ಲಿ ಬಂದ ಪೋರ್ಷೆ 911 ಟರ್ಬೊ ಎಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಸಿಕ್ಕಿದೆ. ಮನೆಗೆ ಇದೊಂದೇ ಕಾರು. ಆಫೀಸಿಗೂ ಅದೇ, ಇಬ್ಬರು ಮಕ್ಕಳನ್ನು ಶಾಲೆಗೆ ಬಿಡೋದಕ್ಕೂ ಅದೇ. ಇದನ್ನು ತಗೊಳ್ಳಬೇಕಾ, ಇಲ್ಲ ನಾಲ್ಕು ಬಾಗಿಲಿನ ಬಿಎಂಡಬ್ಲ್ಯು ಎಂ5 ನೋಡಬೇಕಾ?

ಇಲ್ಲಿವರೆಗೂ ಉತ್ತರ ಕೊಟ್ಟವರು 650 ಪಿಎಸ್ (ಅಂದರೆ ಕುದುರೆ ಶಕ್ತಿ), 800 ನ್ಯೂಟನ್ ಮೀಟರ್ ಟಾರ್ಕ್, 2.7 ಸೆಕೆಂಡಿಗೆ ನೂರು ಕಿ.ಮೀ. ವೇಗ ಅಂತ ಬರೆದಿದ್ದಾರೆ. ಎಲ್ಲ ನಿಜವೇ. ಆದರೆ ದಿನಾ ಓಡಿಸೋರಿಗೆ ಇದರಿಂದ ಏನೂ ಗೊತ್ತಾಗೋದಿಲ್ಲ. ಶಕ್ತಿ ಸಾಲಲಿಲ್ಲ ಅಂತ ಈ ಕಾರಿನ ಮೇಲೆ ಬೇಜಾರು ಬರೋದಿಲ್ಲ. ಬೇಜಾರು ಬಂದರೆ ಟೈರಿನಿಂದ, ರ‍್ಯಾಂಪಿನಿಂದ, ಹಿಂದಿನ ಸೀಟಿನಿಂದ ಬರುತ್ತದೆ. ಹಾಗಾಗಿ ಗಂಟೆಗೆ 40 ಕಿ.ಮೀ. ಒಳಗೆ ಈ ಕಾರು ಹೇಗೆ ನಡೆದುಕೊಳ್ಳುತ್ತದೆ ಅನ್ನೋದನ್ನೇ ನೋಡಿ. ವೇಗದ ಪರೀಕ್ಷೆ ಅದು ಹೇಗೂ ಪಾಸ್ ಆಗುತ್ತದೆ.

ಟೆಸ್ಟ್ ಡ್ರೈವಿಗೆ ಹೋಗೋ ಮುಂಚೆ ಮಾರುವವರಿಗೆ ಹೇಳಿಡಿ, ಎಂಜಿನ್ ಬಿಸಿ ಮಾಡಿಡೋದು ಬೇಡ ಅಂತ. ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ರಿವರ್ಸ್ ಹಾಕಿ, ಸ್ವಲ್ಪ ಏರಿನಲ್ಲಿ ಹಿಂದಕ್ಕೆ ತೆಗೆಯಿರಿ. ಆಮೇಲೆ ಖಾಲಿ ಹೆದ್ದಾರಿಗೆ ಹೋಗಬೇಡಿ, ಜಾಮ್ ಇರೋ ಕಡೆ ಹೋಗಿ. ಇದರಲ್ಲಿರೋದು 8 ಗೇರಿನ ಡ್ಯುಯಲ್ ಕ್ಲಚ್, ಪಿಡಿಕೆ ಅಂತಾರಲ್ಲ ಅದು. ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತದೆ, ಬಿಸಿ ಚೆನ್ನಾಗಿ ತಡೆಯುತ್ತದೆ. ಆದರೂ ಅದು ಕ್ಲಚ್ಚೇ. ಬ್ರೇಕ್ ಅರ್ಧ ಬಿಟ್ಟು ಇಂಚಿಂಚೇ ತೆವಳಿಸಿದರೆ ಅದು ಉಜ್ಜುತ್ತಲೇ ಇರುತ್ತದೆ. ಮುಂದಿನ ಗಾಡಿಗೆ ಒಂದು ಕಾರಿನಷ್ಟು ಜಾಗ ಬಿಟ್ಟು, ಆಮೇಲೆ ಒಂದೇ ಸಲ ಸಾಗೋದು ಒಳ್ಳೆಯ ಅಭ್ಯಾಸ. 2017ರಲ್ಲಿ ಬಂದ ಎಫ್90 ತಲೆಮಾರಿನ ಎಂ5ನಲ್ಲಿ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಇದೆ, ಅಂದರೆ ಹೊರಡುವಾಗ ಎಂಜಿನ್ನಿನ ಬಲ ಎಣ್ಣೆಯ ಮೂಲಕ ಸಾಗುತ್ತದೆ. ಜಾಮ್‌ನಲ್ಲಿ ಅದು ಇನ್ನೂ ನಯ. ನಿಮ್ಮ ದಾರಿಯಲ್ಲಿ ಅರ್ಧ ಹೊತ್ತು ಜಾಮೇ ಇದ್ದರೆ ಈ ವ್ಯತ್ಯಾಸ ದಿನಾ ಗೊತ್ತಾಗುತ್ತದೆ.

ಮುಂದಿನ ಮೂತಿಯ ವಿಷಯ. ಟರ್ಬೊ ಎಸ್‌ನ ಮುಂದಿನ ಸ್ಪಾಯ್ಲರ್ ಬಗ್ಗುವ ರಬ್ಬರಿನಂಥ ವಸ್ತುವಿನದು, ನಿಧಾನದಲ್ಲಿ ಒಳಕ್ಕೆ ಮಡಚಿಕೊಂಡಿರುತ್ತದೆ. ಇಷ್ಟು ವೇಗದ ಕಾರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಮೂತಿ ಎತ್ತುವ ಲಿಫ್ಟ್ ಎಲ್ಲ ಕಾರಿನಲ್ಲೂ ಇರೋದಿಲ್ಲ, ಅದು ಆಪ್ಷನ್. ಬಟನ್ ಇದೆಯಾ ನೋಡಿ, ಒತ್ತಿ ನೋಡಿ, ಎತ್ತೋದು ಇಳಿಸೋದು ಎರಡೂ ಆಗುತ್ತಾ ನೋಡಿ. 10 ಮಿ.ಮೀ. ತಗ್ಗಿಸಿದ ಸ್ಪೋರ್ಟ್ ಸಸ್ಪೆನ್ಷನ್ ಕೂಡ ಆಪ್ಷನ್ ಆಗಿತ್ತು. ಅದು ಇರೋ ಕಾರು ದಿನಬಳಕೆಗೆ ಬೇಡ, ನನ್ನ ಮಾತು ಕೇಳಿ. (ಷೆವರ್ಲೆ ಕಾರ್ವೆಟ್ ಸಿ8ನ ಲಿಫ್ಟ್ ಜಿಪಿಎಸ್ ಹಿಡಿದು 1,000 ಜಾಗಗಳನ್ನು ನೆನಪಿಟ್ಟುಕೊಂಡು, ಅಲ್ಲಿಗೆ ಬಂದಾಗ ತಾನೇ ಎತ್ತಿಕೊಳ್ಳುತ್ತದೆ. ಇಂಥದ್ದು ಎಲ್ಲರೂ ಕೊಡಬೇಕು.) ನೀವು ದಿನಾ ಇಳಿಯುವ ಬೇಸ್‌ಮೆಂಟ್ ರ‍್ಯಾಂಪಿಗೆ ಕಾರು ತಂದು ನೋಡದೆ ಅಡ್ವಾನ್ಸ್ ಕೊಡಬೇಡಿ.

ಈಗ ಟೈರು. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಶೋರೂಮಿನಲ್ಲಿ ಯಾರೂ ಇದನ್ನು ಬಿಡಿಸಿ ಹೇಳೋದಿಲ್ಲ. ಮುಂದೆ 255/35 20 ಇಂಚು, ಹಿಂದೆ 315/30 21 ಇಂಚು (ಮೊದಲಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ, ಇಂಚು ರಿಮ್ಮಿನದು). ಲೆಕ್ಕ ಹಾಕಿದರೆ ರಿಮ್ಮಿಗೂ ರಸ್ತೆಗೂ ಮಧ್ಯೆ ಇರೋ ರಬ್ಬರಿನ ಎತ್ತರ ಸುಮಾರು 9 ಸೆಂ.ಮೀ. ಮಾತ್ರ. ಗುಂಡಿಗೆ ಜೋರಾಗಿ ಬಿದ್ದರೆ ಪೆಟ್ಟು ನೇರ ರಿಮ್ಮಿಗೇ. ಸ್ಟೆಪ್ನಿ ಇಲ್ಲ, ಸೀಲಂಟ್ ಬಾಟಲಿ ಮತ್ತು ಪಂಪ್ ಇರುತ್ತದೆ. ಮೊಳೆ ಚುಚ್ಚಿದರೆ ಅದು ಸಾಕು. ಪಕ್ಕದ ಗೋಡೆ ಹರಿದರೆ ಕಾರನ್ನು ಲಾರಿ ಮೇಲೆ ಹೇರಿಕೊಂಡು ಹೋಗಬೇಕು, ಬೇರೆ ದಾರಿ ಇಲ್ಲ.

ಇನ್ನೊಂದು ಇದೆ. ಟರ್ಬೊ ಎಸ್‌ನ ಚಕ್ರಕ್ಕೆ ಐದು ಬೋಲ್ಟ್ ಇರೋದಿಲ್ಲ, ನಡುವೆ ಒಂದೇ ದೊಡ್ಡ ನಟ್, ರೇಸ್ ಕಾರಿನ ಹಾಗೆ. ಅದಕ್ಕೆ ಬೇರೆಯೇ ಸಾಕೆಟ್ ಬೇಕು, 600 ನ್ಯೂಟನ್ ಮೀಟರ್‌ವರೆಗೆ ಬಿಗಿಯುವ ಟಾರ್ಕ್ ರೆಂಚ್ ಬೇಕು. ಸಾಮಾನ್ಯ ಕಾರಿನ ಬೋಲ್ಟಿಗೆ 120-160 ಸಾಕು. ಅಂದರೆ ದಾರಿಯಲ್ಲಿ ಸಿಗೋ ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚೋಕೇ ಆಗಲ್ಲ. ಬಲವಂತದಿಂದ ಬಿಚ್ಚೋಕೆ ಬಿಡಲೂಬೇಡಿ. ಕೊಳ್ಳುವಾಗ ಆ ಸಾಕೆಟ್ ಕಾರಿನಲ್ಲೇ ಇದೆಯಾ ಅಂತ ಕೇಳಿ ಪಡೆಯಿರಿ.

ಅಗಲ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆ, ಸವೆದಿದ್ದರೆ ಇನ್ನೂ ಬೇಗ. 992ರಲ್ಲಿ ಒದ್ದೆ ರಸ್ತೆಗೆ ಅಂತಲೇ ವೆಟ್ ಮೋಡ್ ಇದೆ. ಮುಂದಿನ ಚಕ್ರದ ಗೂಡಿನಲ್ಲಿರೋ ಸೆನ್ಸರ್‌ಗಳು ನೀರು ಸಿಡಿಯುವ ಸದ್ದು ಕೇಳಿ ಎಚ್ಚರಿಸುತ್ತವೆ. ಎಚ್ಚರಿಕೆ ಬಂದಾಗ ಮೋಡ್ ಹಾಕೋದು ನಿಮ್ಮ ಕೆಲಸ. 7 ಡಿಗ್ರಿಗಿಂತ ಕೆಳಗೆ ಚಳಿ ಇಳಿಯೋ ಕಡೆ ಬೇಸಿಗೆ ಟೈರು ಗಟ್ಟಿಯಾಗಿ ಹಿಡಿತ ಬಿಡುತ್ತದೆ, ಆಗ ಚಳಿಗಾಲದ ಸೆಟ್ ಇಲ್ಲದೆ ಓಡಿಸಬಾರದು.

ಬ್ರೇಕು ಸೆರಾಮಿಕ್. ಹಗುರ, ತುಕ್ಕಿಲ್ಲ, ರಿಮ್ಮಿನ ಮೇಲೆ ಕಪ್ಪು ಪುಡಿ ಅಷ್ಟಾಗಿ ಕೂರೋದಿಲ್ಲ. ದಿನಾ ಓಡಿಸಿದರೆ ಬಹಳ ಕಾಲ ಬಾಳುತ್ತವೆ. ಆದರೆ ಡಿಸ್ಕಿನ ಅಂಚಿಗೆ ಏಟು ಬಿದ್ದು ಚಕ್ಕೆ ಎದ್ದಿದ್ದರೆ ಹೊಸದಕ್ಕೆ ದೊಡ್ಡ ಖರ್ಚು. ಟಾರ್ಚ್ ಹಿಡಿದು ನಾಲ್ಕೂ ಡಿಸ್ಕಿನ ಅಂಚನ್ನು ಸುತ್ತಲೂ ನೋಡಿ.

ಮಕ್ಕಳ ಸೀಟು. 911ರಲ್ಲಿ ಹಿಂದೆ ಎರಡು ಪುಟ್ಟ ಸೀಟು ಇವೆ, ಮಕ್ಕಳ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಕೂಡ ಇದೆ. ಚಿಕ್ಕ ಮಕ್ಕಳು ಖುಷಿಯಿಂದ ಕೂರುತ್ತಾರೆ. ಆದರೆ ಬಾಗಿಲು ಉದ್ದ. ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಅದು ಅರ್ಧವೇ ತೆರೆಯುತ್ತದೆ. ಆಗ ನೀವು ಒಂದು ಕೈಯಲ್ಲಿ ಬಾಗಿಲು ಪಕ್ಕದ ಕಾರಿಗೆ ತಾಗದ ಹಾಗೆ ಹಿಡಿದು, ಮುಂದಿನ ಸೀಟು ಬಗ್ಗಿಸಿ, ಇನ್ನೊಂದು ಕೈಯಲ್ಲಿ ಮಗುವಿನ ಬೆಲ್ಟ್ ಬಕಲ್ ಹುಡುಕಬೇಕು. ಇದನ್ನು ಮಕ್ಕಳನ್ನೇ ಕರೆದುಕೊಂಡು ಹೋಗಿ ಮಾಡಿ ನೋಡಿ. ತೂಕ ಇಳಿಸುವ ಲೈಟ್‌ವೇಟ್ ಪ್ಯಾಕೇಜ್ ಇರೋ ಕಾರಾದರೆ ಹಿಂದಿನ ಸೀಟೇ ಇರೋದಿಲ್ಲ, ಅದನ್ನೂ ಮೊದಲೇ ವಿಚಾರಿಸಿ. ಡಿಕ್ಕಿ ಮುಂದುಗಡೆ, ಸುಮಾರು 130 ಲೀಟರ್. ಎಂ5ನದು 530.

ಎಂಜಿನ್ ಬಗ್ಗೆ ಚಿಂತೆ ಕಡಿಮೆ. ಒಂದೇ ಮಾತು: ಎಂಜಿನ್ ತಣಿಸುವ ನೀರು ಬೇಗ ಬಿಸಿಯಾಗುತ್ತದೆ, ಆಯಿಲ್ ನಿಧಾನ. ಆಯಿಲ್ ಉಷ್ಣತೆ ನೋಡಿಕೊಂಡು, ಅದು ಏರುವ ತನಕ ಆರ್‌ಪಿಎಂ ಕಡಿಮೆ ಇಡಿ. ಶಾಲೆ ಎರಡೇ ಕಿ.ಮೀ. ದೂರ, ಕಾರು ಬರೀ ಅಷ್ಟೇ ಓಡುತ್ತದೆ ಅಂದರೆ ಆಯಿಲ್ ಎಂದೂ ಪೂರ್ತಿ ಬಿಸಿಯಾಗೋದಿಲ್ಲ, ಅದರೊಳಗೆ ಪೆಟ್ರೋಲು, ನೀರಿನ ಅಂಶ ಸೇರುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಒಂದು ಉದ್ದ ಓಟ ಕೊಡಿ, ಆಯಿಲ್ ಕಂಪನಿ ಹೇಳಿದ ಅವಧಿಗಿಂತ ಮುಂಚೆಯೇ ಬದಲಿಸಿ.

ನನ್ನ ತೀರ್ಮಾನ ಕೇಳಿದಿರಿ ಅಲ್ವಾ. ಇದೊಂದೇ ಕಾರು, ಇಬ್ಬರು ಬೆಳೆಯುವ ಮಕ್ಕಳು ಅಂದರೆ ಎಂ5 ತಗೊಳ್ಳಿ. ಮನಸ್ಸು 911ರಲ್ಲೇ ಇದೆ, ಮನೆಯವರೂ ಒಪ್ಪಿದ್ದಾರೆ ಅನ್ನೋದಾದರೆ ಟರ್ಬೊ ಎಸ್ ಬದಲು ಅದೇ ಕಾಲದ 911 ಕ್ಯಾರೆರಾ 4ಎಸ್ ಓಡಿಸಿ ನೋಡಿ. 450 ಪಿಎಸ್, ನಾಲ್ಕೂ ಚಕ್ರಕ್ಕೆ ಬಲ, ಸಾಮಾನ್ಯ ಐದು ಬೋಲ್ಟಿನ ಚಕ್ರ, ಕಬ್ಬಿಣದ ಡಿಸ್ಕು. ಸುಮ್ನೆ ಹೇಳ್ತಿಲ್ಲ, ಸಾರ್ವಜನಿಕ ರಸ್ತೆಯಲ್ಲಿ ಅದರ ಶಕ್ತಿಯನ್ನೇ ಪೂರ್ತಿ ಬಳಸೋಕೆ ಆಗೋದಿಲ್ಲ.

ಆದರೂ ಈ ಟರ್ಬೊ ಎಸ್ಸನ್ನೇ ನೋಡೋಕೆ ಹೋದರೆ, ನಾಲ್ಕೂ ಟೈರಿನ ಪಕ್ಕದಲ್ಲಿರೋ ತಯಾರಿಕೆಯ ನಾಲ್ಕಂಕಿ ಕೋಡು (ಮೊದಲೆರಡು ವಾರ, ಕೊನೆಯೆರಡು ವರ್ಷ), ಎನ್ ಗುರುತು (ಪೋರ್ಷೆ ಒಪ್ಪಿದ ಟೈರು ಅನ್ನೋದಕ್ಕೆ), ಡಿಸ್ಕಿನ ಅಂಚು, ಲಿಫ್ಟ್ ಬಟನ್, ಇವುಗಳ ಫೋಟೋ ತೆಗೆದು ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.