ಬೇಸಿಗೆಯಲ್ಲಿ ತಲೆ ಸುತ್ತಿದರೆ ಬಿಪಿ ಮಾತ್ರೆ ಬಿಡಬಹುದಾ?

ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡಿರುವ 72ರ ನಿಮ್ಮ ತಂದೆಯವರಿಗೆ ಎದ್ದು ನಿಂತರೆ ತಲೆ ಸುತ್ತುತ್ತದೆ, ಬಿಪಿ ಮಾತ್ರೆ ಬಿಡಿಸಲಾ ಅಂತ ಕೇಳಿದ್ದೀರಿ. ನೀವಾಗಿಯೇ ಬಿಡಿಸಬೇಡಿ. ರಾಯಚೂರಿನ ಬಿಸಿಲಿಗೆ ಬೆವರು ಸುರಿದು, ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಮೂತ್ರ ಹೋಗಿಸುವ ಮಾತ್ರೆಯೂ ಇದ್ದರೆ ಇನ್ನೂ ಜಾಸ್ತಿ ಇಳಿಯುತ್ತದೆ. ಕೂತಾಗ ಒಮ್ಮೆ, ಎದ್ದು ನಿಂತು 1 ಮತ್ತು 3 ನಿಮಿಷಕ್ಕೆ ಒಮ್ಮೊಮ್ಮೆ ಬಿಪಿ ನೋಡಿ ಬರೆದಿಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಆ ಚೀಟಿಯನ್ನು ಬೇಗ ಡಾಕ್ಟರಿಗೆ ತೋರಿಸಿ. ಡೋಸ್ ಅವರೇ ಬದಲಿಸಲಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನಂತೂ ತಪ್ಪಿಸಲೇಬೇಡಿ, ಸ್ಟೆಂಟ್ ಮುಚ್ಚಿಹೋಗಬಹುದು. ಉಪ್ಪು ಹಾಕದ ಮಜ್ಜಿಗೆ ಕೊಡಿ. ಡಾಕ್ಟರು ನೀರಿಗೆ ಮಿತಿ ಹೇಳಿದ್ದರೆ ಮಜ್ಜಿಗೆಯೂ ಆ ಲೆಕ್ಕಕ್ಕೇ. ಉಪ್ಪು ಕಡಿಮೆ ಮಾಡಲು ಸಂಜೆಯ ಮಂಡಕ್ಕಿ ಒಗ್ಗರಣೆ-ಮಿರ್ಚಿ ಬಿಡಿಸುವುದು ಕಷ್ಟ ಬಿಡಿ, ಮೊದಲು ಉಪ್ಪಿನಕಾಯಿ ಬಿಡಿಸುವುದರಿಂದ ಶುರು ಮಾಡಿ. ಎದೆನೋವು ಬಂದರೆ, ಎಚ್ಚರ ತಪ್ಪಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.