ಚಿಯಾ ಬೀಜ ನೆನೆಸಿದರೆ ಗಂಟು ಗಂಟಾಗುವುದೇಕೆ? ಮಜ್ಜಿಗೆಗೆ ಹಾಕಬಹುದೇ?

ದೋಷ ಬೀಜದ್ದಲ್ಲ, ಸುರಿಯುವ ರೀತಿಯದು. ಒಮ್ಮೆಗೇ ಸುರಿದುಬಿಟ್ಟರೆ ಹೊರಗಿನ ಬೀಜಗಳು ಲೋಳೆ ಬಿಟ್ಟು ಅಂಟಿಕೊಳ್ಳುತ್ತವೆ, ನಡುವಿನವಕ್ಕೆ ನೀರೇ ಸಿಗದು. ಒಂದು ಟೇಬಲ್ ಚಮಚಕ್ಕೆ (ಸುಮಾರು 12 ಗ್ರಾಂ) 200 ಮಿ.ಲೀ. ನೀರು ತಗೊಂಡು, ಬೀಜ ಉದುರಿಸುತ್ತಲೇ ಕಲಕಿ. 5 ನಿಮಿಷ ಬಿಟ್ಟು ಮತ್ತೊಮ್ಮೆ ಕಲಕಬೇಕು. ಬಹಳ ಮಂದಿ ಬಿಡುವುದು ಇದನ್ನೇ. ಅರ್ಧ ಗಂಟೆಗೆ ತಯಾರು.

ಒಣ ಬೀಜ ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯಬೇಡಿ. ತನ್ನ ತೂಕದ ಸುಮಾರು 10 ಪಟ್ಟು ನೀರು ಹೀರುವ ಬೀಜವಿದು, ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು.

ಮಜ್ಜಿಗೆಗೆ ಧಾರಾಳವಾಗಿ ಹಾಕಿ, ಆದರೆ ಮೊದಲು ನೀರಿನಲ್ಲಿ ನೆನೆಸಿ. ಗಟ್ಟಿ ಮೊಸರಿನಲ್ಲಿ ಸರಿಯಾಗಿ ಉಬ್ಬುವುದಿಲ್ಲ. ಕಲಬುರಗಿಯಲ್ಲಿ 40 ಡಿಗ್ರಿ ದಾಟುವ ಬ್ಯಾಸಿಗೆಯಲ್ಲಿ ನೆನೆಸಿದ್ದನ್ನು ಹೊರಗಿಡಬೇಡಿ. ಫ್ರಿಜ್ಜಿನಲ್ಲಿ 3–4 ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಅಂದಹಾಗೆ, ಫಾಲೂದಾದಲ್ಲಿ ಸಿಗುವುದು ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜ: ಪೂರ್ತಿ ಕಪ್ಪು, ನಿಮಿಷಗಳಲ್ಲೇ ಉಬ್ಬುತ್ತದೆ. ಚಿಯಾ ಬೂದು, ಕಪ್ಪು, ಬಿಳಿ ಬೆರೆತ ಚುಕ್ಕೆ ಬೀಜ. ಶುರುವಿಗೆ ದಿನಕ್ಕೊಂದು ಟೀ ಚಮಚ ಸಾಕು. ಏಕಾಏಕಿ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳಿಯೇ ತಿನ್ನಿ.